ಹನ್ನೊಂದನೇ ಹಾಸಿಗೆಯ ಕಳೆದುಹೋದ ನಿಮಿಷ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ತಾವು ಈಗ ಉಸಿರಾಡುತ್ತಿದ್ದೀರಿ. ಈ ಸಾಲು ಓದುವ ತನಕ ಆ ವಿಷಯ ತಮ್ಮ ಗಮನದಲ್ಲಿರಲಿಲ್ಲ. ಈಗ ಬಂದಿದೆ. ಬಂದದ್ದೇ ತಡ, ಒಂದು ಉಸಿರು ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು, ಮೂರನೆಯದನ್ನು ಯಾವಾಗ ಎಳೆದುಕೊಳ್ಳಬೇಕೆಂದು ತಾವು ಯೋಚಿಸುತ್ತಿದ್ದೀರಿ. ನನ್ನ ಅಹವಾಲು ಇಷ್ಟೇ. ಇಲ್ಲಿಗೇ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ತಮ್ಮ ಕಚೇರಿಗೆ ಈಗಾಗಲೇ ನಾಲ್ಕು ಪತ್ರಗಳನ್ನೂ ಒಂದು ಮುಚ್ಚಿದ ಲಕೋಟೆಯನ್ನೂ ಕಳಿಸಿ, ಐದಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ನೇರಳೆ ಬಣ್ಣದ ಮೊಹರನ್ನಷ್ಟೇ ಪಡೆದಿರುವ ನನಗೆ, ಚುಟುಕಾಗಿ ಹೇಳಿದರೆ ತಮಗೆ ನಾಟುವುದಿಲ್ಲ ಎಂಬುದು ಮನವರಿಕೆಯಾಗಿದೆ. ಹಾಗಾಗಿ ಊರಿಗೆಲ್ಲ ಕೇಳುವಂತೆ, ಪತ್ರಿಕೆಯಲ್ಲಿ, ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ತಮ್ಮ ಆಸ್ಪತ್ರೆಯ ಗಂಡಸರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ರೋಗಿಗಳು ನನ್ನನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ. ಅದು ಹುದ್ದೆಗೋ ಗಾತ್ರಕ್ಕೋ ಎಂದು ನಾನು ಇದುವರೆಗೆ ಕೇಳಿಲ್ಲ. ನನ್ನ ಕೈಕೆಳಗೆ ಇನ್ನೂ ಕೆಲಸ ಕಾಯಂ ಆಗದ ಒಬ್ಬ ಹುಡುಗಿ ಇದ್ದಾಳೆ. ಅವಳು ಚಿಕ್ಕ ಸಿಸ್ಟರ್. ದನಿಯೂ ಚಿಕ್ಕದು, ಪಕ್ಕದಲ್ಲಿ ನಿಂತವರಿಗೂ ಎರಡನೇ ಸಲಕ್ಕೆ ಕೇಳಿಸುತ್ತದೆ. ಅವಳ ಮೇಲೆ ತಾವು ನೋಟಿಸು ಹೊರಡಿಸಿದ್ದೀರಿ. ಆಪಾದನೆ ಏನೆಂದರೆ, ‘ರೋಗಿಯ ಅರಿವಿಗೆ ಬಾರದಂತೆ ಹಾಗೂ ಆತನ ಲಿಖಿತ ಅನುಮತಿ ಪಡೆಯದೆ ಆತನ ಉಸಿರಾಟವನ್ನು ಎಣಿಸಿರುವುದು.’ ಬರುವ ಸೋಮವಾರ ತಾವು ತೀರ್ಮಾನ ಹೇಳುತ್ತೀರಿ. ಅವಳು ನನ್ನ ವಾರ್ಡಿನಲ್ಲಿ ಉಳಿಯುತ್ತಾಳೋ, ಟೋಪಿ ಬಿಚ್ಚಿಟ್ಟು ಮನೆಗೆ ಹೋಗುತ್ತಾಳೋ ಎಂಬುದು ಅಂದು ಗೊತ್ತಾಗುತ್ತದೆ.

ಮಾನ್ಯರೇ, ಆ ಅಪರಾಧವನ್ನು ಅವಳಿಗೆ ಕಲಿಸಿದವಳು ನಾನು. ನನಗೆ ಕಲಿಸಿದವರು ನನ್ನ ಟ್ಯೂಟರ್ ಸಿಸ್ಟರ್. ಅವರಿಗೆ ಕಲಿಸಿದವರು ಇನ್ಯಾರೋ. ನರ್ಸಿಂಗ್ ಶಾಲೆಯ ಮೊದಲ ತಿಂಗಳಲ್ಲೇ, ಹಾಸಿಗೆ ಹಾಸುವುದು, ಕೈ ತೊಳೆಯುವುದು, ಜ್ವರ ನೋಡುವುದರ ಜೊತೆಗೇ ಕಲಿಸುವ ಪಾಠ ಇದು. ರೋಗಿಯ ಮಣಿಕಟ್ಟು ಹಿಡಿ. ಅರ್ಧ ನಿಮಿಷ ನಾಡಿ ಎಣಿಸು. ಎಣಿಸಿಯಾದ ಮೇಲೆ ಕೈ ಬಿಡಬೇಡ. ಇನ್ನೂ ನಾಡಿಯನ್ನೇ ನೋಡುತ್ತಿರುವವಳ ಹಾಗೆ ಮುಖ ಮಾಡಿಕೊಂಡು, ಪೂರ್ತಿ ಒಂದು ನಿಮಿಷ ಅವನ ಎದೆ ಏರಿಳಿಯುವುದನ್ನು ಎಣಿಸು. ಹೇಳಬೇಡ. ಹೇಳಿದೆಯೋ ಕೆಟ್ಟಿತು. ನಾಡಿಗೆ ನೀನು ಎಣಿಸುತ್ತಿದ್ದೀಯೆಂದು ಗೊತ್ತಾದರೆ ಅದು ಹೆಚ್ಚೆಂದರೆ ಸ್ವಲ್ಪ ಹೆದರಿ ಓಡಬಹುದು. ಉಸಿರು ಹಾಗಲ್ಲ. ಅದು ರೋಗಿಯ ಅಂಕೆಯಲ್ಲಿರುವ ವಸ್ತು. ಎಣಿಸುತ್ತಿದ್ದಾರೆ ಎಂದು ತಿಳಿದರೆ ಮನುಷ್ಯ ಅದನ್ನು ತಲೆ ಬಾಚಿ ಪೌಡರು ಹಚ್ಚಿ ಹೊರಗೆ ಕಳಿಸುತ್ತಾನೆ.

ತಾವು ಈ ಹುದ್ದೆಗೆ ಬರುವ ಮುಂಚೆ ದಾಸ್ತಾನು ಮಳಿಗೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳಿದ್ದೇನೆ. ಅಲ್ಲಿ ಡಬ್ಬಿಗಳಿಗೆ ‘ಈಗ ನಿಮ್ಮನ್ನು ಎಣಿಸಲಾಗುವುದು’ ಎಂದು ಕೂಗಿ ಹೇಳಿದರೂ ಅವು ಒಂದು ಹೆಚ್ಚುವುದಿಲ್ಲ, ಒಂದು ಕಡಿಮೆಯಾಗುವುದಿಲ್ಲ. ಬಹುಶಃ ಅದೇ ನಂಬಿಕೆಯಲ್ಲಿ ತಾವು ನಮ್ಮ ವಾರ್ಡಿಗೂ ಕಾಲಿಟ್ಟಿರಿ.

ಇದೆಲ್ಲ ಶುರುವಾದದ್ದು ಹನ್ನೊಂದನೇ ಹಾಸಿಗೆಯಿಂದ. ಅಲ್ಲಿದ್ದವರು ಎಪ್ಪತ್ತೊಂದು ವರ್ಷ ವಯಸ್ಸಿನ, ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು. ದಿಂಬಿನ ಅಡಿಯಲ್ಲಿ ಒಂದು, ಕೈಯಲ್ಲಿ ಒಂದು, ಕಿಟಕಿಯ ಮೇಲೆ ಒಂದು, ಹೀಗೆ ಮೂರು ಗಡಿಯಾರ ಇಟ್ಟುಕೊಂಡಿದ್ದರು. ವಾರ್ಡಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಬಂದ ದಿನವೇ ನನ್ನ ಮೇಲೆ ರೇಗಿದ್ದರು. ಎರಡನೇ ವಾರದಲ್ಲಿ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು:

“ಸಿಸ್ಟರ್, ನಾಡಿ ನೋಡೋಕೆ ಅರ್ಧ ನಿಮಿಷ. ಸರಿ, ಒಪ್ಪಿದೆ. ಆಮೇಲೆ ನಿಮ್ಮ ಹುಡುಗಿ ಪೂರ್ತಿ ಒಂದು ನಿಮಿಷ ಕೈ ಬಿಡಲ್ಲ. ಮಾತೂ ಇಲ್ಲ, ಕತೆಯೂ ಇಲ್ಲ, ವಾಚು ನೋಡ್ತಾ ನಿಂತಿರ್ತಾಳೆ. ಆ ಒಂದು ನಿಮಿಷ ಎಲ್ಲಿಗೆ ಹೋಗುತ್ತೆ?”

“ಅದು ನಮ್ಮ ಪದ್ಧತಿ ಯಜಮಾನ್ರೇ,” ಎಂದೆ.

“ಐವತ್ತು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದೀನಿ. ನನ್ನ ಮೇಜಿನ ಮೇಲಿಂದ ಒಂದೇ ಒಂದು ನಿಮಿಷ ಹೀಗೆ ಮಾಯ ಆಗಿಲ್ಲ. ದಿನಕ್ಕೆ ನಾಲ್ಕು ನಿಮಿಷ. ಹತ್ತು ದಿನಕ್ಕೆ ನಲವತ್ತು. ಯಾರ ಹತ್ರ ಇದೆ ಅದು?”

ನಾನು ಏನು ಹೇಳಲಿ? ನಿಜ ಹೇಳಿದರೆ ಮರುದಿನದಿಂದಲೇ ಆ ಮಹಾನುಭಾವರು ತಮ್ಮ ಉಸಿರನ್ನೇ ಬಿಚ್ಚಿ ರಿಪೇರಿಗೆ ಕೂರುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಕ್ಕು ಎದ್ದು ಬಂದೆ. ಅದು ನನ್ನ ತಪ್ಪು. ಅವರು ಒಂದು ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ‘ನನ್ನ ನಾಡಿಯ ಹೆಸರಿನಲ್ಲಿ ಪ್ರತಿ ಸಲವೂ ಒಂದು ನಿಮಿಷ ಕಾಣೆಯಾಗುತ್ತಿದೆ, ದಯವಿಟ್ಟು ಹುಡುಕಿಸಿಕೊಡಿ’ ಎಂದು ಬರೆದು ಬಾಗಿಲ ಬಳಿಯ ದೂರು ಪೆಟ್ಟಿಗೆಗೆ ಹಾಕಿದರು. ಆ ಪೆಟ್ಟಿಗೆಯೊಳಗೆ ಅದುವರೆಗೆ ಚಾಕಲೇಟು ಕಾಗದ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಮೊದಲ ದೂರು ಎಂಬ ಸಂಭ್ರಮದಲ್ಲೋ ಏನೋ, ನನ್ನ ಪತ್ರಗಳಿಗೆ ತಿಂಗಳಾದರೂ ಉತ್ತರ ಕೊಡದ ತಮ್ಮ ಕಚೇರಿ ಎರಡೇ ದಿನದಲ್ಲಿ ಸುತ್ತೋಲೆ ಹೊರಡಿಸಿತು.

‘ಪಾರದರ್ಶಕ ಉಸಿರೆಣಿಕೆ’ ಎಂಬ ಆ ಸುತ್ತೋಲೆಯನ್ನು ನಾನು ಬಾಯಿಪಾಠ ಮಾಡಿದ್ದೇನೆ. ಪಕ್ಕದ ಹಾಸಿಗೆಗೆ ಕೇಳಿಸುವಷ್ಟು ಗಟ್ಟಿಯಾಗಿ ನಾವು ಹೀಗೆ ಓದಬೇಕು: ‘ಮಾನ್ಯ ರೋಗಿಗಳೇ, ಈಗ ನಾನು ತಮ್ಮ ಉಸಿರಾಟವನ್ನು ಒಂದು ನಿಮಿಷ ಕಾಲ ಎಣಿಸಲಿದ್ದೇನೆ. ತಾವು ಸಹಜವಾಗಿ ಉಸಿರಾಡಬೇಕಾಗಿ ಕೋರಿಕೆ.’ ಬಳಿಕ ಅನುಮತಿ ಚೀಟಿಗೆ ರೋಗಿಯ ಸಹಿ. ಬಳಿಕ ಎಣಿಕೆ. ಬಳಿಕ ಚೀಟಿಯ ಒಂದು ಪ್ರತಿ ಚಾರ್ಟಿಗೆ, ಒಂದು ಪ್ರತಿ ತಮ್ಮ ಕಚೇರಿಗೆ.

ಮಾನ್ಯರೇ, ಯಾರಿಗಾದರೂ ‘ಸಹಜವಾಗಿ ಉಸಿರಾಡಿ’ ಎಂದು ಹೇಳಿ ನೋಡಿದ್ದೀರಾ? ಸಹಜವಾಗಿ ಉಸಿರಾಡುತ್ತಿದ್ದವನನ್ನು ಅದರಿಂದ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಂತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮೊದಲ ದಿನ ಚಿಕ್ಕ ಸಿಸ್ಟರ್ ಮೂರನೇ ಹಾಸಿಗೆಯ ಬಳಿ ನಿಂತು ತನ್ನ ದನಿಯಲ್ಲಿ ಓದಿದಳು. “ಏನಮ್ಮಾ?” ಎಂದರು ರೋಗಿ. ಮತ್ತೆ ಓದಿದಳು. “ಏನಂತೆ?” ಎಂದು ಅವರು ನಾಲ್ಕನೇ ಹಾಸಿಗೆಯವರನ್ನು ಕೇಳಿದರು. “ನಿಮ್ಮ ಉಸಿರು ಎಣಿಸ್ತಾರಂತೆ ರೀ!” ಎಂದು ನಾಲ್ಕನೆಯವರು ಕೂಗಿದರು. ಮೂರನೆಯವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ತಕ್ಷಣ ಎದ್ದು ಕೂತು, ಎದೆಯುಬ್ಬಿಸಿ, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ‘ಒಂದ್... ಎರಡ್...’ ಎಂದು ತಾವೇ ಶುರುಮಾಡಿದರು. ನಿಮಿಷಕ್ಕೆ ಐದು. ಏಳನೇ ಹಾಸಿಗೆಯ ಬಸ್ ಕಂಡಕ್ಟರು ಸಹಿ ಹಾಕಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಹಳ ಸೌಜನ್ಯದಿಂದ ಕೇಳಿದರು: “ಎಷ್ಟು ಬೇಕು ಸಿಸ್ಟರ್? ಹೇಳಿಬಿಡಿ, ಅಷ್ಟೇ ಬಿಡ್ತೀನಿ.” ಒಂಬತ್ತನೆಯವರು ವಕೀಲರ ಗುಮಾಸ್ತರು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಇಪ್ಪತ್ತು ನಿಮಿಷ ಓದಿ, “ಇಲ್ಲಿ ‘ಸಹಜ’ ಅಂದ್ರೆ ಯಾರ ಪ್ರಕಾರ ಸಹಜ? ನನ್ನ ಪ್ರಕಾರವೋ, ಆಸ್ಪತ್ರೆ ಪ್ರಕಾರವೋ?” ಎಂದು ಆಕ್ಷೇಪಣೆ ಎತ್ತಿದರು. ಹದಿನಾಲ್ಕನೆಯವರಿಗೆ ಆಸ್ತಮಾ. ಏದುಸಿರು ಬಿಡುತ್ತ ಸಹಿ ಹಾಕುತ್ತಿದ್ದ ಅವರನ್ನು ನೋಡಿ ನನಗೆ ನಗು ಬರಲಿಲ್ಲ. ಚೀಟಿ ಕಿತ್ತುಕೊಂಡು ಆಮ್ಲಜನಕದ ಮಾಸ್ಕ್ ಇಟ್ಟೆ. ಆ ಒಂದು ಚೀಟಿ ಇವತ್ತಿಗೂ ತಮ್ಮ ಕಚೇರಿಗೆ ಬಾಕಿ ಇದೆ.

ಹದಿನೇಳನೇ ಹಾಸಿಗೆಯ ವಿಷಯ ತಮಗೆ ಚೆನ್ನಾಗಿ ಗೊತ್ತು. ಟೈಫಾಯ್ಡಿನಿಂದ ಚೇತರಿಸಿಕೊಳ್ಳುತ್ತಿದ್ದ ಈಜು ಮೇಷ್ಟ್ರು ಅವರು. ಉಸಿರೆಣಿಸುತ್ತಾರೆ ಎಂದು ಕೇಳಿದ್ದೇ, ಹಳೆಯ ಹುಮ್ಮಸ್ಸು ಬಂದು ಮೂಗು ಹಿಡಿದುಕೊಂಡರು. ಒಂದು ನಿಮಿಷ ಬಿಡಲೇ ಇಲ್ಲ. ಎಣಿಸಿದ್ದನ್ನು ಬರೆಯಬೇಕು, ಊಹೆ ಬರೆಯಬಾರದು ಎಂದು ನಾನೇ ಕಲಿಸಿದ್ದೆನಾದ್ದರಿಂದ ಚಿಕ್ಕ ಸಿಸ್ಟರ್ ಚಾರ್ಟಿನಲ್ಲಿ ‘ಸೊನ್ನೆ’ ಎಂದು ಬರೆದಳು. ಮೂರನೇ ದಿನ ತಮ್ಮ ಕಚೇರಿಯಿಂದ ಟಿಪ್ಪಣಿ ಬಂತು: ‘ಉಸಿರಾಟ ಸೊನ್ನೆ ಇರುವ ರೋಗಿಗೆ ಅದೇ ದಿನ ಮಧ್ಯಾಹ್ನದ ಊಟ ಹೇಗೆ ವಿತರಿಸಲಾಯಿತು? ವಿವರಣೆ ನೀಡುವುದು.’ ಆ ಟಿಪ್ಪಣಿಯನ್ನು ನಾನು ಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕೆಂದಿದ್ದೇನೆ. ನಿವೃತ್ತಿಯ ಮೇಲೆ ಬೇಸರವಾದಾಗ ಓದಿಕೊಳ್ಳಬಹುದು.

ಒಂದು ಸಣ್ಣ ಲೆಕ್ಕ ನೋಡಿ. ನನ್ನ ವಾರ್ಡಿನಲ್ಲಿ ಮೂವತ್ತೆರಡು ಹಾಸಿಗೆ. ದಿನಕ್ಕೆ ನಾಲ್ಕು ಸಲ ಎಂದರೆ ನೂರ ಇಪ್ಪತ್ತೆಂಟು ಎಣಿಕೆ. ಓದುವುದು, ಮತ್ತೆ ಓದುವುದು, ಕನ್ನಡಕ ಹುಡುಕುವುದು, ಸಹಿ, ಎಲ್ಲ ಸೇರಿ ತಲಾ ಮೂರು ನಿಮಿಷ ಹಿಡಿದರೂ ಆರು ಗಂಟೆ ಇಪ್ಪತ್ನಾಲ್ಕು ನಿಮಿಷ. ಪಾಳಿಗೆ ಇರುವವರು ಇಬ್ಬರು. ಇದರ ನಡುವೆ ಇಂಜೆಕ್ಷನ್ ಕೊಡುವವರು ಯಾರು? ಹುಣ್ಣಿಗೆ ಬ್ಯಾಂಡೇಜು ಕಟ್ಟುವವರು ಯಾರು? ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವವರು ಯಾರು? ಈ ಪ್ರಶ್ನೆಗಳನ್ನೇ ನನ್ನ ಮೊದಲ ಪತ್ರದಲ್ಲಿ ಕೇಳಿದ್ದೆ. ಸ್ವೀಕರಿಸಲಾಗಿದೆ.

ಮೇಲಿನ ಮಹಡಿಯ ವಾರ್ಡಿನವರು ನಮ್ಮಷ್ಟು ದಡ್ಡರಲ್ಲ. ಅಲ್ಲಿ ನಲವತ್ತು ರೋಗಿಗಳಿಗೂ ಇಬ್ಬರೇ. ಅವರು ಚೀಟಿಗಳಿಗೆ ಒಟ್ಟಿಗೆ ಸಹಿ ಮಾಡಿಸಿಟ್ಟುಕೊಂಡು ಎಲ್ಲರ ಚಾರ್ಟಿನಲ್ಲೂ ಹದಿನೆಂಟು ಎಂದು ಬರೆದರು. ದೊಡ್ಡವರ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಇರಬೇಕು ಎಂದು ಪುಸ್ತಕ ಹೇಳುತ್ತದೆ, ಹದಿನೆಂಟು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಹದಿನೆಂಟು, ಸಂಜೆ ಹದಿನೆಂಟು. ಇಪ್ಪತ್ತಾರನೇ ಹಾಸಿಗೆ ಹೊಲಿಗೆಗೆ ಹೋಗಿತ್ತು, ಬರೀ ಕಬ್ಬಿಣದ ಮಂಚ ಇತ್ತು. ಆ ಮಂಚವೂ ವಾರವಿಡೀ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡಿತು. ತಿಂಗಳ ಕೊನೆಗೆ ತಾವೇ ಸ್ವತಃ ಹೋಗಿ ಅವರಿಗೆ ‘ಅತ್ಯುತ್ತಮ ದಾಖಲೆ ನಿರ್ವಹಣೆ’ಯ ಫಲಕ ಕೊಟ್ಟು ಫೋಟೊ ತೆಗೆಸಿಕೊಂಡಿರಿ. ಅಲ್ಲಿನ ಇನ್‌ಚಾರ್ಜ್ ನನ್ನ ಗೆಳತಿ. ಆ ಫಲಕವನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದಾಳೆ. ಅವಳನ್ನು ನಾನು ದೂರುವುದಿಲ್ಲ. ಅವಳಿಗಿರುವುದು ಎರಡೇ ಕೈ, ತಾವು ಕೇಳಿದ್ದು ಅಂಕಿಗಳನ್ನು, ಅವಳು ಅಂಕಿ ಕೊಟ್ಟಳು.

ಹದಿನೆಂಟನ್ನು ನಾನೂ ಒಮ್ಮೆ ಬರೆದಿದ್ದೇನೆ. ಇಪ್ಪತ್ತಾರು ವರ್ಷದ ಹಿಂದಿನ ಮಾತು, ಕಲಿಯುತ್ತಿದ್ದ ದಿನಗಳು. ಕಾಲು ನೋಯುತ್ತಿತ್ತು, ಕೊನೆಯ ಹಾಸಿಗೆ, ಚಾರ್ಟು ತುಂಬಿಸಿ ಕೈತೊಳೆದುಕೊಂಡೆ. ನನ್ನ ಟ್ಯೂಟರ್ ಸಿಸ್ಟರ್ ನನ್ನ ತೋಳು ಹಿಡಿದು ಆ ಹಾಸಿಗೆಯ ಬಳಿಗೆ ಕರೆದೊಯ್ದರು. ಖಾಲಿ. “ಅವರು ಸ್ನಾನಕ್ಕೆ ಹೋಗಿ ಅರ್ಧ ಗಂಟೆ ಆಯ್ತು. ನೀನು ಯಾರ ಉಸಿರು ಎಣಿಸ್ದೆ?” ಎಂದರು. ಬೈಯಲಿಲ್ಲ, ಅಷ್ಟೇ ಕೇಳಿದರು. ನನಗೆ ಆ ಹೊತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ನಾನು ಕಂಡಕಂಡವರ ಉಸಿರು ಎಣಿಸುತ್ತೇನೆ. ಬಸ್ಸಿನಲ್ಲಿ ಎದುರು ಕೂತವರದು, ಬ್ಯಾಂಕಿನ ಸಾಲಿನಲ್ಲಿ ನಿಂತವರದು. ಭಾನುವಾರ ಮಧ್ಯಾಹ್ನ ನಮ್ಮ ಮನೆಯವರು ನೀರಿನ ಟ್ಯಾಂಕು ತೊಳೆಯುವ ಮಾತು ಬಂದ ಕೂಡಲೇ ನಿದ್ದೆ ಹೋಗುತ್ತಾರಲ್ಲ, ಅದು ನಿಜವಾದ ನಿದ್ದೆಯೋ ನಾಟಕವೋ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ನಮ್ಮ ಅತ್ತೆಯವರಂತೂ, “ಹಂಗೆ ನನ್ನ ಎದೆ ನೋಡ್ತಾ ಕೂತ್ಕೋಬೇಡ ಮಾರಾಯ್ತಿ, ನಂಗೆ ಉಸಿರಾಡೋದೇ ಮರ್ತೋಗುತ್ತೆ,” ಎಂದು ಗದರುತ್ತಾರೆ. ನೋಡಿ, ನರ್ಸಿಂಗ್ ಓದದ ನಮ್ಮ ಅತ್ತೆಗೂ ಗೊತ್ತಿರುವ ವಿಷಯ.

ಈಗ ಅಸಲು ಘಟನೆಗೆ ಬರುತ್ತೇನೆ. ಸುತ್ತೋಲೆ ಬಂದು ಎರಡು ವಾರವಾಗಿತ್ತು. ಮಧ್ಯಾಹ್ನ ಎರಡು ಗಂಟೆ. ಚಿಕ್ಕ ಸಿಸ್ಟರ್ ಹನ್ನೊಂದನೇ ಹಾಸಿಗೆಯ ಬಳಿ ಸುತ್ತೋಲೆ ಓದಿದಳು. ಗಡಿಯಾರದ ಯಜಮಾನರಿಗೆ ಈ ಹೊಸ ಪದ್ಧತಿ ತಮ್ಮ ದೂರಿನ ಫಲ ಎಂಬ ಹೆಮ್ಮೆ. ಸಹಿ ಹಾಕಿ, ತಮ್ಮ ವಾಚನ್ನು ಎದುರಿಗೆ ಹಿಡಿದು, ಸರಿಯಾಗಿ ನಾಲ್ಕು ಸೆಕೆಂಡಿಗೆ ಒಂದರಂತೆ ಉಸಿರಾಡಿದರು. ಮುಖ ಕೆಂಪಗಾಗಿತ್ತು. “ಹದಿನೈದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಬರ್ಕೋ ಮಗಳೇ,” ಎಂದರು. ಅವಳು ಬರೆದುಕೊಂಡಳು.

ಆದರೆ ಮುಂದಿನ ಹಾಸಿಗೆಗೆ ಹೋದ ಮೇಲೂ ಅವಳ ಕಿವಿ ಇಲ್ಲೇ ಇತ್ತು. ಯಜಮಾನರು ಪಕ್ಕದವರೊಂದಿಗೆ ಮಾತಾಡುತ್ತಿದ್ದರು, ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಆಡುತ್ತಿದ್ದರು. ಅವಳು ನೀರಿನ ಜಗ್ ತುಂಬಿಸುವ ನೆಪದಲ್ಲಿ ವಾಪಸು ಬಂದಳು. “ತಾತ, ನಾಡಿ ಇನ್ನೊಂದ್ಸಲ ನೋಡ್ತೀನಿ,” ಎಂದು ಕೈ ಹಿಡಿದಳು. ಅರ್ಧ ನಿಮಿಷ ನಾಡಿ. ಆಮೇಲೆ, ಕೈ ಬಿಡದೆ, ಮಾತಿಲ್ಲದೆ, ಆ ಕದ್ದ ಒಂದು ನಿಮಿಷ.

ಮೂವತ್ತೆರಡು.

ಬೆರಳಿಗೆ ಕಚ್ಚಿಸುವ ಯಂತ್ರ ಆಮ್ಲಜನಕ ತೊಂಬತ್ತೈದು ಎಂದು ತೋರಿಸುತ್ತಿತ್ತು. ರಕ್ತದೊತ್ತಡ ಸರಿಯಾಗಿತ್ತು. ಫೋನಿನಲ್ಲಿ ಡಾಕ್ಟರು, “ಎಲ್ಲ ಸರಿ ಇದೆಯಲ್ಲ, ರೌಂಡ್ಸಿಗೆ ಬಂದಾಗ ನೋಡ್ತೀನಿ,” ಎಂದರು. ಆಗ ನಮ್ಮ ಚಿಕ್ಕ ಸಿಸ್ಟರ್, ಸುತ್ತೋಲೆಯನ್ನು ಪಕ್ಕದ ಹಾಸಿಗೆಗೂ ಕೇಳಿಸಲಾರದವಳು, ಇಡೀ ವಾರ್ಡಿಗೆ ಕೇಳಿಸುವಂತೆ ಹೇಳಿದಳು: “ಇಲ್ಲ ಡಾಕ್ಟ್ರೇ, ನೀವು ಈಗ್ಲೇ ಬರಬೇಕು. ಮೂವತ್ತೆರಡಿದೆ. ಪೂರ್ತಿ ನಿಮಿಷ ಎಣಿಸಿದೀನಿ.” ಡಾಕ್ಟರು ಬಂದರು. ಕಾಲಿನ ಹುಣ್ಣಿನ ಸೋಂಕು ರಕ್ತಕ್ಕೆ ಇಳಿದಿತ್ತು. ಇಂಥ ಕಡೆ ಉಳಿದದ್ದೆಲ್ಲ ಇನ್ನೂ ಸರಿಯಿರುವಾಗಲೇ ಉಸಿರು ಚಾಡಿ ಹೇಳಿಬಿಡುತ್ತದೆ, ಕೇಳಿಸಿಕೊಳ್ಳುವವರು ಇರಬೇಕು ಅಷ್ಟೆ. ಗಂಟೆಯೊಳಗೆ ಔಷಧಿ ಶುರುವಾಯಿತು, ತೀವ್ರ ನಿಗಾ ಘಟಕಕ್ಕೆ ಸಾಗಿಸಿದೆವು. ಸಂಜೆಯ ರೌಂಡ್ಸಿನವರೆಗೆ ಕಾದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ನನಗೆ ಆಮೇಲೆ ಹೇಳಿದರು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಆ ದಿನ ಆಸ್ಪತ್ರೆಯಲ್ಲಿ ಯಾರಾದರೂ ಆ ಹುಡುಗಿಯ ಬೆನ್ನು ತಟ್ಟಿದರೇ? ನಾನು ತಟ್ಟಿದೆ. ತಮ್ಮ ಕಚೇರಿ ಚಾರ್ಟು ತರಿಸಿಕೊಂಡಿತು. ‘ಎರಡು ಗಂಟೆಗೆ ಹದಿನೈದು ಇದ್ದ ಉಸಿರು ಎರಡು ಗಂಟೆ ಏಳು ನಿಮಿಷಕ್ಕೆ ಮೂವತ್ತೆರಡು ಆಗಿರುವುದು ಹೇಗೆ? ಎರಡನೇ ಎಣಿಕೆಯ ಅನುಮತಿ ಚೀಟಿ ಎಲ್ಲಿ?’ ಎಂದು ಕೇಳಿತು. ಚೀಟಿ ಇರಲಿಲ್ಲ. ನೋಟಿಸು ನೇರವಾಗಿ ಅವಳ ಮನೆಗೆ ಹೋಯಿತು. ಅವಳು ಇರುವುದು ಅಕ್ಕ ಭಾವನ ಜೊತೆ, ಎರಡು ಕೋಣೆಯ ಮನೆ. ಲಕೋಟೆ ಒಡೆದವರು ಅಕ್ಕ. ‘ರೋಗಿಯ ಕೈಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಹಿಡಿದುಕೊಂಡು’ ಎಂಬ ತಮ್ಮ ಅಮೋಘ ವಾಕ್ಯವನ್ನು ಓದಿ ನನಗೆ ಫೋನು ಮಾಡಿದರು.

“ಸಿಸ್ಟರ್, ನಿಜ ಹೇಳಿ. ಇವಳು ಯಾರ ಕೈ ಹಿಡ್ಕೊಂಡಿದ್ಳು?”

“ಎಪ್ಪತ್ತೊಂದು ವರ್ಷದ ತಾತನದಮ್ಮಾ. ಕಾಲಲ್ಲಿ ಹುಣ್ಣು, ಸಕ್ಕರೆ ಕಾಯಿಲೆ.”

“ಅಯ್ಯೋ, ನಮ್ಮೆಜಮಾನ್ರು ಆಗ್ಲೇ ಹುಡುಗನ ಜಾತಕ ಕೇಳೋಕೆ ಹೊರಟಿದ್ರು,” ಎಂದರು ಅಕ್ಕ.

ಇನ್ನು ಗಡಿಯಾರದ ಯಜಮಾನರು. ಒಂಬತ್ತು ದಿನದ ಮೇಲೆ ವಾರ್ಡಿಗೆ ಮರಳಿ ಬಂದರು. ವಿಷಯವೆಲ್ಲ ತಿಳಿದು ಒಂದಿಡೀ ಬೆಳಿಗ್ಗೆ ಗಡಿಯಾರಗಳಿಗೆ ಕೀ ಕೊಡುವುದನ್ನೂ ಮರೆತರು. ಮಧ್ಯಾಹ್ನ ನನ್ನಿಂದ ಹಾಳೆ ಇಸಿದುಕೊಂಡು ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ನಾನು ಕಳೆದುಕೊಂಡಿದ್ದ ನಿಮಿಷ ಸಿಕ್ಕಿದೆ. ಅದು ಆ ಮಗುವಿನ ಹತ್ತಿರ ಜೋಪಾನವಾಗಿತ್ತು. ನನ್ನ ದೂರನ್ನು ವಾಪಸು ಪಡೆದಿದ್ದೇನೆ.’ ಇದನ್ನು ನಾನೇ ತಮ್ಮ ಕಚೇರಿಗೆ ತಂದುಕೊಟ್ಟೆ. ದೂರು ಕೊಡುವುದಕ್ಕೆ ನಮೂನೆ ಇದೆ, ವಾಪಸು ಪಡೆಯುವುದಕ್ಕೆ ನಮೂನೆ ಇಲ್ಲ, ಆದ್ದರಿಂದ ಇದನ್ನು ಹೊಸ ದೂರು ಎಂದು ಪರಿಗಣಿಸಲಾಗುವುದು ಎಂದು ತಮ್ಮ ಗುಮಾಸ್ತರು ಹೇಳಿದರು. ಸಿಕ್ಕಿದ ನಿಮಿಷದ ಬಗ್ಗೆ ಈಗ ಪ್ರತ್ಯೇಕ ವಿಚಾರಣೆ ನಡೆಯುತ್ತಿರಬೇಕು.

ಕಳೆದ ವಾರ ತಾವು ನಮ್ಮಿಬ್ಬರನ್ನೂ ಮೂರನೇ ಮಹಡಿಯ ಕೋಣೆಗೆ ಕರೆಸಿದಿರಿ. ಲಿಫ್ಟು ಕೆಟ್ಟಿತ್ತು. ತಾವೂ ಮೆಟ್ಟಿಲು ಹತ್ತಿ ಬಂದಿರಿ, ಚಹಾ ಕುಡಿದಿರಿ, ಕಾಲು ಗಂಟೆ ಕಡತ ತಿರುವಿದಿರಿ. ಆಮೇಲೆ ನಮ್ಮನ್ನು ಒಳಗೆ ಕರೆದು ಆಪಾದನೆ ಪಟ್ಟಿ ಓದಿದಿರಿ. ಚಿಕ್ಕ ಸಿಸ್ಟರ್ ಕೈ ಕಟ್ಟಿಕೊಂಡು, ಒಂದು ಮಾತೂ ಆಡದೆ, ತಮ್ಮನ್ನೇ ನೋಡುತ್ತ ನಿಂತಿದ್ದಳು. ‘ಪಶ್ಚಾತ್ತಾಪದ ಲಕ್ಷಣ ಕಾಣುತ್ತಿದೆ’ ಎಂದು ತಾವು ನಡಾವಳಿಯಲ್ಲಿ ಬರೆಸಿದಿರಂತೆ. ಹೊರಗೆ ಬಂದು ಮೆಟ್ಟಿಲ ಬಳಿ ನಿಂತಾಗ ಅವಳ ಮುಖ ಪೆಚ್ಚಾಗಿತ್ತು. ಅಳುತ್ತಾಳೆ ಎಂದುಕೊಂಡು ಹೆಗಲ ಮೇಲೆ ಕೈ ಇಟ್ಟೆ.

“ಸಿಸ್ಟರ್, ಸಾಹೇಬ್ರು ಮೆಟ್ಟಿಲು ಹತ್ತಿ ಬಂದು ಎಷ್ಟು ಹೊತ್ತಾಗಿತ್ತು?” ಎಂದು ಕೇಳಿದಳು.

“ಕಾಲು ಗಂಟೆ ಆಗಿರ್ಬೇಕು. ಯಾಕೆ?”

ಅವಳು ಒಂದು ಸಂಖ್ಯೆ ಹೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿನ್ನ ಕೆಲಸ ಹೋಗೋ ಹೊತ್ತಲ್ಲಿ ಅದನ್ನ ಎಣಿಸ್ತಾ ನಿಂತಿದ್ದೆಯೇನೇ?”

“ಎಣಿಸ್ಬೇಕು ಅಂತ ಎಣಿಸಿಲ್ಲ ಸಿಸ್ಟರ್,” ಎಂದಳು ತನ್ನ ಚಿಕ್ಕ ದನಿಯಲ್ಲಿ. “ಎದುರಿಗೆ ಕೂತಿದ್ರಲ್ಲ.”

ಮಾನ್ಯರೇ, ನಾನು ಅವಳ ಮಾತನ್ನೂ ಪರೀಕ್ಷೆ ಮಾಡದೆ ಬಿಡುವವಳಲ್ಲ. ತಕ್ಷಣ ಒಳಗೆ ಬಂದು, ‘ಸುತ್ತೋಲೆಯ ಇನ್ನೊಂದು ಪ್ರತಿ ಬೇಕಿತ್ತು’ ಎಂದು ಕೇಳಿದೆ. ನೆನಪಿದೆಯೇ? ತಾವು ಗೊಣಗುತ್ತ ಕಡತ ಹುಡುಕಿದಿರಿ, ನಾನು ಎದೆಯ ಮೇಲೆ ಸಿಕ್ಕಿಸಿಕೊಂಡ ವಾಚನ್ನು ಸರಿಪಡಿಸಿಕೊಳ್ಳುತ್ತ ನಿಂತಿದ್ದೆ. ನನ್ನ ಬಳಿ ಆ ಸುತ್ತೋಲೆಯ ಆರು ಪ್ರತಿಗಳಿವೆ. ನನಗೆ ಬೇಕಾಗಿದ್ದದ್ದು ತಮ್ಮ ಒಂದು ನಿಮಿಷ. ಸಂಖ್ಯೆ ಅದೇ ಬಂತು.

ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ರೋಗಿಯ ಗುಟ್ಟನ್ನು ಬೀದಿಯಲ್ಲಿ ಆಡಬಾರದು ಎಂಬುದೂ ಅದೇ ಮೊದಲ ತಿಂಗಳ ಪಾಠ. ಇಷ್ಟು ಬರೆದದ್ದಕ್ಕೇ ನನ್ನ ಟ್ಯೂಟರ್ ಸಿಸ್ಟರ್ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಆದರೆ ನಾನೇನು ಮಾಡಲಿ? ಎರಡು ಸಲ ಖುದ್ದಾಗಿ ಹೇಳಲು ಬಂದೆ, ‘ವಿಚಾರಣೆ ಬಾಕಿಯಿರುವಾಗ ಸಾಹೇಬರನ್ನು ಭೇಟಿ ಮಾಡುವಂತಿಲ್ಲ’ ಎಂದು ಬಾಗಿಲಲ್ಲೇ ತಡೆದರು. ಸಂಖ್ಯೆಯನ್ನೂ, ತಾವು ಯಾವ ಡಾಕ್ಟರನ್ನು ಕಾಣಬೇಕು ಎಂಬುದನ್ನೂ ಬರೆದು, ಲಕೋಟೆಗೆ ಗೋಂದು ಹಚ್ಚಿ, ಮೇಲೆ ‘ತುರ್ತು, ಸ್ವಂತ’ ಎಂದು ಬರೆದು ಕಳಿಸಿದೆ. ಮರುದಿನ ಹೋಗಿ ನೋಡಿದರೆ ಅದು ತಮ್ಮ ಗುಮಾಸ್ತರ ಮೇಜಿನ ಮೇಲೆ, ಒಡೆಯದೆ ಹಾಗೆಯೇ ಬಿದ್ದಿತ್ತು. ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಇತ್ತು.

ಆದ್ದರಿಂದ ನನ್ನ ಬೇಡಿಕೆಗಳನ್ನು ಗಟ್ಟಿಯಾಗಿ, ಪಕ್ಕದ ಹಾಸಿಗೆಗೆ ಕೇಳಿಸುವಂತೆ ಓದುತ್ತಿದ್ದೇನೆ. ಸೋಮವಾರದವರೆಗೆ ಕಾಯಬೇಡಿ. ಇವತ್ತೇ ಆ ಲಕೋಟೆ ಒಡೆಯಿರಿ. ಒಡೆದ ಮೇಲೆ ಮೆಟ್ಟಿಲನ್ನು ನಿಧಾನವಾಗಿ ಇಳಿದು, ನಡುನಡುವೆ ನಿಂತು, ನನ್ನ ವಾರ್ಡಿಗೆ ಬನ್ನಿ. ಗಡಿಯಾರದ ಯಜಮಾನರು ಮನೆಗೆ ಹೋಗಿದ್ದಾರೆ, ಹನ್ನೊಂದನೇ ಹಾಸಿಗೆ ಖಾಲಿ ಇದೆ, ಹೊಸ ಚಾದರ ಹಾಸಿಸಿದ್ದೇನೆ. ಗೋಡೆ ಗಡಿಯಾರವನ್ನೂ ಅವರು ಸರಿಮಾಡಿಕೊಟ್ಟೇ ಹೋದರು. ಇನ್ನು ಆ ಸುತ್ತೋಲೆ ಮತ್ತು ಆ ನೋಟಿಸು. ಎರಡನ್ನೂ ಹಿಂದಕ್ಕೆ ಪಡೆಯಿರಿ, ಹುಡುಗಿಯನ್ನು ಕಾಯಂ ಮಾಡಿ. ಇದು ನನ್ನ ಹಟವಲ್ಲ, ತಮ್ಮ ಹಿತ. ಏಕೆಂದರೆ ತಾವು ಬಂದು ಮಲಗಿದಾಗ ತಮ್ಮ ಕೈ ಹಿಡಿಯುವುದಕ್ಕೆ ಹದಿನೆಂಟು ಬರೆಯುವವರು ಬೇಕೋ, ಎಣಿಸುವವರು ಬೇಕೋ? ತಾವೇ ಹೇಳಿ.

ಒಂದು ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾವು ಇಷ್ಟು ಕಾಲ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ ಗುಟ್ಟನ್ನು ಆ ಹುಡುಗಿಗಾಗಿ ನಾನೇ ರಟ್ಟು ಮಾಡಿದ್ದೇನೆ. ಈ ಪತ್ರ ಓದಿದ ಪ್ರತಿಯೊಬ್ಬರೂ ಇನ್ನು ಮೇಲೆ ನರ್ಸು ಕೈ ಹಿಡಿದ ಕೂಡಲೇ ಡ್ರಿಲ್ ಮೇಷ್ಟ್ರಾಗುತ್ತಾರೆ. ಓದುಗರಲ್ಲಿ ನನ್ನ ಕಳಕಳಿಯ ವಿನಂತಿ, ದಯವಿಟ್ಟು ಓದಿದ್ದನ್ನು ಮರೆತುಬಿಡಿ. ಮಾನ್ಯರೇ, ತಾವು ಮರೆಯುವುದು ಕಷ್ಟ, ನನಗೆ ಗೊತ್ತು. ಚಿಕ್ಕ ಸಿಸ್ಟರಿಗೆ ಇದನ್ನು ಹೇಳಿ ‘ಇನ್ನು ಸಾಹೇಬರದ್ದು ಹೇಗೆ ಎಣಿಸ್ತೀಯೇ?’ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ನಕ್ಕು, ನನ್ನ ಕಿವಿಯಲ್ಲಿ ಇನ್ನೊಂದು ಉಪಾಯ ಹೇಳಿದಳು. ಇಪ್ಪತ್ತಾರು ವರ್ಷದಲ್ಲಿ ನನಗೂ ಹೊಳೆಯದ್ದು.

ಅದನ್ನು ಮಾತ್ರ ನಾನು ಎಲ್ಲೂ ಬರೆಯುವುದಿಲ್ಲ. ಬೇಗ ಬನ್ನಿ.

ಇಂತಿ,
ಯಾರಿಗೂ ಹೇಳದೆ ಎಣಿಸಬೇಕಾದ್ದನ್ನು ಊರಿಗೆಲ್ಲ ಹೇಳಿ ಕೂತಿರುವ,
ತಮ್ಮ ಗಂಡಸರ ವಾರ್ಡಿನ ದೊಡ್ಡ ಸಿಸ್ಟರ್

(ಈ ಪತ್ರ ಬರೆದು ಮುಗಿಸಿದಾಗ ನನ್ನ ಉಸಿರು ನಿಮಿಷಕ್ಕೆ ಇಪ್ಪತ್ತೆರಡು ಇತ್ತು. ನಾನೇ ಎಣಿಸಿಕೊಂಡದ್ದರಿಂದ ನಂಬಬೇಕಾಗಿಲ್ಲ.)